ರಾತ್ರಿ ಸುಮ್ಮನಿರದ ಕಾಲಿಗೆ ಹಗಲಿನ ವ್ಯಾಯಾಮ

ದಿನವಿಡೀ ನಿಂತು ದುಡಿದವರ ಕಾಲು ರಾತ್ರಿ ನೋಯುತ್ತದೆ. ಮಲಗಿದರೆ ಆ ನೋವು ಇಳಿಯುತ್ತದೆ. ಆದರೆ ಇದಕ್ಕೆ ಪೂರ್ತಿ ಉಲ್ಟಾ ಇರುವ ತೊಂದರೆಯೂ ಒಂದಿದೆ. ಓಡಾಡುವಾಗ ಕಾಲು ಆರಾಮಾಗಿಯೇ ಇರುತ್ತದೆ. ಹಾಸಿಗೆಗೆ ಬೆನ್ನು ಕೊಟ್ಟ ಸ್ವಲ್ಪ ಹೊತ್ತಿಗೆ ಶುರುವಾಗುತ್ತದೆ. ಮೊಣಕಾಲಿನ ಕೆಳಗೆ, ಮೀನಖಂಡದ ಒಳಗೆಲ್ಲೋ ಏನೋ ಹರಿದಾಡಿದ ಹಾಗೆ, ಯಾರೋ ಒಳಗಿಂದ ಜಗ್ಗಿದ ಹಾಗೆ. ನೋವು ಅನ್ನೋಣವೆಂದರೆ ನೋವಲ್ಲ, ತುರಿಕೆಯೂ ಅಲ್ಲ. ಕಾಲು ಅಲ್ಲಾಡಿಸಲೇಬೇಕು ಅನಿಸುತ್ತದೆ. ತಡೆದಷ್ಟೂ ಜಾಸ್ತಿ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಕಡಿಮೆ, ಮತ್ತೆ ಮಲಗಿದರೆ ಮತ್ತೆ ಹಾಜರು.

ಇದಕ್ಕೆ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎಂದು ಹೆಸರು. ಡಾಕ್ಟರುಗಳು ಚುಟುಕಾಗಿ ಆರ್‌ಎಲ್‌ಎಸ್ ಅನ್ನುತ್ತಾರೆ. ಇದೇನೂ ಹೊಸ ಕಾಯಿಲೆಯಲ್ಲ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸ್ 1672ರಲ್ಲೇ ಇದನ್ನು ವರ್ಣಿಸಿದ್ದರು. ಸ್ವೀಡನ್ನಿನ ನರರೋಗ ತಜ್ಞ ಕಾರ್ಲ್ ಆಕ್ಸೆಲ್ ಎಕ್‌ಬೊಮ್ 1945ರಲ್ಲಿ ಇದನ್ನು ವಿವರವಾಗಿ ಬರೆದು ಈಗಿನ ಹೆಸರು ಕೊಟ್ಟರು. ಆದರೂ ನಮ್ಮಲ್ಲಿ ಇದು 'ನರ ವೀಕ್ನೆಸ್' ಅನ್ನುವ ದೊಡ್ಡ ಚೀಲದೊಳಗೆ ಬಿದ್ದು ಕಳೆದುಹೋಗುತ್ತದೆ.

ನನಗೆ ಇದು ಇದೆ. ನಮ್ಮ ಅಮ್ಮನಿಗೂ ಇತ್ತು. ರಾತ್ರಿ ಹೊತ್ತು ಪಡಸಾಲೆಯಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದ ಅಮ್ಮನಿಗೆ ಬಂಧುಗಳು ಹೇಳುತ್ತಿದ್ದದ್ದು ಒಂದೇ ಮಾತು, 'ಸುಮ್ನೆ ಚಿಂತೆ ಮಾಡಬೇಡ, ಮಲ್ಕೋ.' ಚಿಂತೆಗೂ ಇದಕ್ಕೂ ಸಂಬಂಧ ಅಷ್ಟಕ್ಕಷ್ಟೇ. ಇದು ಎಷ್ಟೋ ಸಲ ಮನೆತನದಲ್ಲಿ ಹರಿದು ಬರುವ ತೊಂದರೆ. ಇದಕ್ಕೆ ಸಂಬಂಧಪಟ್ಟ ಜೀನ್‌ಗಳನ್ನು 2007ರಿಂದ ಒಂದೊಂದಾಗಿ ಗುರುತಿಸುತ್ತಾ ಬಂದಿದ್ದಾರೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಯುರೋಪ್, ಅಮೆರಿಕದಲ್ಲಿ ವಯಸ್ಕರಲ್ಲಿ ನೂರಕ್ಕೆ 5ರಿಂದ 10 ಜನರಿಗೆ ಇದರ ಲಕ್ಷಣ ಇರುತ್ತದೆ. ಏಷ್ಯಾದಲ್ಲಿ ಅದಕ್ಕಿಂತ ಕಡಿಮೆ. ನೂರಕ್ಕೆ ಇಬ್ಬರು ಅಂತ ಹಿಡಿದರೂ ದಾವಣಗೆರೆಯಂಥ ಊರಲ್ಲಿ ಅದು ಸಾವಿರಗಟ್ಟಲೆ ಮಂದಿ. ಅವರಲ್ಲಿ ಎಷ್ಟೋ ಜನ ತಮಗೆ ಮಾತ್ರ ಹೀಗೆ ಅಂದುಕೊಂಡು ಕತ್ತಲಲ್ಲಿ ಒಬ್ಬರೇ ಓಡಾಡುತ್ತಿರುತ್ತಾರೆ.

ಇದನ್ನು ಗುರುತಿಸಲು ಸ್ಕ್ಯಾನ್ ಬೇಡ. ಸರಿಯಾದ ಪ್ರಶ್ನೆ ಕೇಳಿದರೆ ಸಾಕು. ಕಾಲು ಅಲ್ಲಾಡಿಸಲೇಬೇಕು ಅನ್ನುವ ತಡೆಯಲಾಗದ ಒತ್ತಡ ಇದೆಯಾ? ಕೂತಾಗ, ಮಲಗಿದಾಗ ಅದು ಶುರುವಾಗುತ್ತದಾ ಅಥವಾ ಹೆಚ್ಚುತ್ತದಾ? ನಡೆದರೆ, ಕಾಲು ಚಾಚಿದರೆ, ಆ ಕೆಲಸ ಮಾಡುವಷ್ಟು ಹೊತ್ತಾದರೂ ಕಡಿಮೆಯಾಗುತ್ತದಾ? ಬೆಳಿಗ್ಗೆಗಿಂತ ಸಂಜೆ, ರಾತ್ರಿಯೇ ಜಾಸ್ತಿಯಾ? ನಾಲ್ಕಕ್ಕೂ ಹೌದು ಅಂದರೆ, ಇನ್ನೊಂದು ಕಾಯಿಲೆಯಿಂದ ಹೀಗಾಗುತ್ತಿಲ್ಲ ಅಂತಾದರೆ, ಇದು ಆರ್‌ಎಲ್‌ಎಸ್.

ಆ ಕೊನೆಯ ಮಾತು ಮುಖ್ಯ. ಕಾಲಿನ ತೊಂದರೆಗಳು ಒಂದರ ಹಾಗೆ ಇನ್ನೊಂದು ಕಾಣುತ್ತವೆ. ಸಕ್ಕರೆ ಕಾಯಿಲೆಯವರಿಗೆ ಪಾದ ಉರಿಯುತ್ತದೆ, ಜೋಮು ಹಿಡಿಯುತ್ತದೆ. ಆದರೆ ಅದು ನಡೆದ ತಕ್ಷಣ ಹೋಗುವುದಿಲ್ಲ. ಸೆಳೆತ ಬಂದು ಮೀನಖಂಡ ಹಿಡಿದುಕೊಂಡರೆ ಮುಟ್ಟಿದಾಗ ಗಟ್ಟಿಯಾಗಿ ಗಂಟು ಸಿಗುತ್ತದೆ, ಜೀವ ಹೋಗುವಷ್ಟು ನೋವಿರುತ್ತದೆ. ಆರ್‌ಎಲ್‌ಎಸ್‌ನಲ್ಲಿ ಆ ಗಂಟು ಇರುವುದಿಲ್ಲ. ಜಗಳೂರು, ಚಿತ್ರದುರ್ಗ ಕಡೆಯ ಕೆಲವು ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಮೂಳೆ, ಕೀಲು ಬಿಗಿಯುವುದುಂಟು. ಅದು ಹಗಲು ರಾತ್ರಿ ಎರಡೂ ಹೊತ್ತು ಕಾಡುತ್ತದೆ. ಇನ್ನು ನಡೆದಾಗ ಕಾಲು ನೋಯುತ್ತದೆ, ನಿಂತರೆ ಕಡಿಮೆಯಾಗುತ್ತದೆ ಅನ್ನುವವರು ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಅದು ಕಾಲಿನ ರಕ್ತನಾಳ ಕಟ್ಟಿಕೊಳ್ಳುತ್ತಿರುವ ಸೂಚನೆಯಾಗಿರಬಹುದು.

ತೊಂದರೆ ಕಾಣಿಸುವುದು ಕಾಲಲ್ಲಾದರೂ ಅದರ ಬೇರು ಇರುವುದು ಮಿದುಳಲ್ಲಿ. ಚಲನೆಯನ್ನು ಹದದಲ್ಲಿಡುವ ಡೋಪಮೈನ್ ಅನ್ನುವ ರಾಸಾಯನಿಕವೊಂದಿದೆ. ಅದನ್ನು ತಯಾರಿಸಲು ಮಿದುಳಿಗೆ ಕಬ್ಬಿಣದ ಅಂಶ ಬೇಕು. ಆರ್‌ಎಲ್‌ಎಸ್ ಇರುವವರ ಮಿದುಳಿನ ಕೆಲವು ಭಾಗಗಳಲ್ಲಿ ಆ ಕಬ್ಬಿಣ ಕಡಿಮೆ ಇರುತ್ತದೆ. ಡೋಪಮೈನ್ ಕೆಲಸವೂ, ರಕ್ತದಲ್ಲಿನ ಕಬ್ಬಿಣವೂ ಗಡಿಯಾರದ ಹಾಗೆ ಹಗಲು ಏರಿ ರಾತ್ರಿ ಇಳಿಯುತ್ತವೆ. ಮೊದಲೇ ಕೊರತೆ ಇದ್ದವರಿಗೆ ಆ ಇಳಿತದ ಹೊತ್ತೇ ಕಷ್ಟದ ಹೊತ್ತು. ಸಂಜೆಯಾದರೆ ಕಾಲು ಶುರು ಹಚ್ಚಿಕೊಳ್ಳುವುದು ಇದಕ್ಕೇ.

ವ್ಯಾಯಾಮದ ಮಾತಿಗೆ ಹೋಗುವ ಮುಂಚೆ ಕಬ್ಬಿಣದ ಮಾತು ಮುಗಿಸಲೇಬೇಕು. ಯಾಕೆಂದರೆ ಇದನ್ನು ನೋಡದೆ ನಡೆಯಲು ಶುರು ಮಾಡಿದವರಿಗೆ ಅರ್ಧ ಫಲವೂ ಸಿಗದೆ ಬೇಸರವಾಗುತ್ತದೆ. ಮಾಡಿಸಬೇಕಾದ ರಕ್ತಪರೀಕ್ಷೆಯ ಹೆಸರು ಫೆರಿಟಿನ್. ಅದರ ಜೊತೆಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್, ಅಂದರೆ ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನ್ ಎಷ್ಟು ತುಂಬಿದೆ ಅನ್ನುವ ಲೆಕ್ಕ. ಬರೀ ಹಿಮೋಗ್ಲೋಬಿನ್ ಸಾಲದು. ಹಿಮೋಗ್ಲೋಬಿನ್ ಅಡುಗೆಮನೆ ಡಬ್ಬಿಯ ಜೋಳ ಇದ್ದ ಹಾಗೆ, ಫೆರಿಟಿನ್ ಹಗೇವಿನೊಳಗಿನ, ಅಂದರೆ ನೆಲದಡಿಯ ಕಣಜದಲ್ಲಿ ಕೂಡಿಟ್ಟ ಜೋಳ. ಹಗೇವು ಬರಿದಾಗುತ್ತಾ ಬಂದರೂ ಡಬ್ಬಿ ಕೆಲವು ಕಾಲ ತುಂಬಿಯೇ ಕಾಣುತ್ತದೆ. ಹಿಮೋಗ್ಲೋಬಿನ್ 12 ಇದೆ, ನಿಮಗೇನೂ ಆಗಿಲ್ಲ ಅಂತ ಬಿ ಕಾಂಪ್ಲೆಕ್ಸ್ ಗುಳಿಗೆ ಬರೆದು ನನ್ನನ್ನು ಮನೆಗೆ ಕಳಿಸಿದ ಡಾಕ್ಟರೂ ಇದ್ದಾರೆ. ಆಮೇಲೆ ಬೇರೆ ಕಡೆ ಫೆರಿಟಿನ್ ಮಾಡಿಸಿದಾಗ ಹಗೇವು ತಳ ಕಂಡಿತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಲ್ಯಾಬ್ ವರದಿಯಲ್ಲಿ ಹೆಂಗಸರಿಗೆ ಫೆರಿಟಿನ್ 10-15 ಇದ್ದರೂ 'ನಾರ್ಮಲ್' ಗೆರೆಯೊಳಗೇ ಬಂದಿರಬಹುದು. ಆದರೆ ಆರ್‌ಎಲ್‌ಎಸ್ ಇರುವವರಿಗೆ ತಜ್ಞರು ನೋಡುವ ಗೆರೆಯೇ ಬೇರೆ. ಫೆರಿಟಿನ್ ಮಿಲಿಲೀಟರ್‌ಗೆ 75 ನ್ಯಾನೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಡುವ ಯೋಚನೆ ಮಾಡುತ್ತಾರೆ. ಗುಳಿಗೆ ಒಗ್ಗದಿದ್ದರೆ, ತೊಂದರೆ ಜೋರಾಗಿದ್ದರೆ, ಡ್ರಿಪ್ ಮೂಲಕ ಕೊಡುವ ಕಬ್ಬಿಣವೂ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಕಂಡುಬಂತು. ಅಂದಮೇಲೆ ನಮ್ಮ ಮನೆಗಳ ಹೆಂಗಸರ ರಾತ್ರಿ ಕಾಲು ಎಳೆತಕ್ಕೆ ಮೊದಲು ಅನುಮಾನಿಸಬೇಕಾದದ್ದು ಯಾವುದನ್ನು? ಚಿಂತೆಯನ್ನಂತೂ ಅಲ್ಲ.

ಹಾಗಂತ ಪರೀಕ್ಷೆ ಮಾಡಿಸದೆ ಕಬ್ಬಿಣದ ಗುಳಿಗೆ ನುಂಗಬೇಡಿ. ದೇಹದಲ್ಲಿ ಕಬ್ಬಿಣ ಜಾಸ್ತಿಯಾದರೆ ಲಿವರ್‌ಗೆ ಕೇಡು. ಡಾಕ್ಟರು ಬರೆದುಕೊಟ್ಟಿದ್ದರೆ ಅದನ್ನು ಚಹಾ, ಕಾಫಿ, ಹಾಲು, ಕ್ಯಾಲ್ಸಿಯಂ ಗುಳಿಗೆ ಇವುಗಳ ಜೊತೆ ತೆಗೆದುಕೊಳ್ಳಬೇಡಿ. ಇವೆಲ್ಲ ಕಬ್ಬಿಣವನ್ನು ಹೀರಿಕೊಳ್ಳಲು ಬಿಡುವುದಿಲ್ಲ. ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಒಳ್ಳೆಯದು.

ಈಗ ವ್ಯಾಯಾಮ. ರಾತ್ರಿ ಒಂದು ಗಂಟೆಗೆ ಎದ್ದು ಪಡಸಾಲೆಯಲ್ಲಿ ನಡೆಯುವುದು ಒಂದು. ಬೆಳಿಗ್ಗೆ ದಾವಣಗೆರೆಯ ಕುಂದವಾಡ ಕೆರೆ ಏರಿ ಮೇಲೆ ಬಿರುಸಾಗಿ ನಡೆಯುವುದು ಇನ್ನೊಂದು. ಎರಡರಲ್ಲೂ ಕಾಲೇ ಆಡುತ್ತದೆ, ಆದರೆ ಎರಡರ ಕೆಲಸ ಬೇರೆ. ಮೊದಲನೆಯದು ಆ ಕ್ಷಣದ ಪರಿಹಾರ. ಅದು ನಿಂತ ಕೂಡಲೇ ತೊಂದರೆ ವಾಪಸ್ ಬರುತ್ತದೆ. ಎರಡನೆಯದರ ಫಲ ಅವತ್ತೇ ಗೊತ್ತಾಗುವುದಿಲ್ಲ. ವಾರಗಳು ಹೋದಮೇಲೆ ಗೊತ್ತಾಗುತ್ತದೆ. ಈ ವ್ಯತ್ಯಾಸ ತಿಳಿಯದೆ ನಾಲ್ಕು ದಿನ ವಾಕಿಂಗ್ ಹೋಗಿ 'ಏನೂ ಉಪಯೋಗ ಆಗಲಿಲ್ಲ' ಅಂತ ಬಿಟ್ಟವರು ಬಹಳ ಮಂದಿ.

2006ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಚಿಕ್ಕದೇ, ಆದರೆ ಸರಿಯಾಗಿ ಎರಡು ಗುಂಪು ಮಾಡಿ ನಡೆಸಿದ್ದು. ಒಂದು ಗುಂಪಿನವರು ವಾರಕ್ಕೆ ಮೂರು ದಿನ ಏರೋಬಿಕ್, ಅಂದರೆ ಎದೆಬಡಿತ ಏರಿಸುವ ವ್ಯಾಯಾಮದ ಜೊತೆಗೆ ಕಾಲಿನ ಸ್ನಾಯುಗಳಿಗೆ ಭಾರ ಕೊಡುವ ಕಸರತ್ತೂ ಮಾಡಿದರು. 12 ವಾರ. ಇನ್ನೊಂದು ಗುಂಪಿನವರಿಗೆ ಈ ಕಸರತ್ತು ಇರಲಿಲ್ಲ. ಆರ್‌ಎಲ್‌ಎಸ್ ತೀವ್ರತೆ ಅಳೆಯಲು 40 ಅಂಕಗಳ ಒಂದು ಪ್ರಶ್ನಾವಳಿ ಇದೆ. ಅಂಕ ಹೆಚ್ಚಿದಷ್ಟೂ ಕಷ್ಟ ಹೆಚ್ಚು. ವ್ಯಾಯಾಮ ಮಾಡಿದವರ ಸರಾಸರಿ ಅಂಕ ಸುಮಾರು 20ರಿಂದ 12ರ ಹತ್ತಿರಕ್ಕೆ ಇಳಿಯಿತು. ಇನ್ನೊಂದು ಗುಂಪಿನದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆ ಇಳಿತದ ಬಹುಪಾಲು ಆರನೇ ವಾರದ ಹೊತ್ತಿಗೇ ಕಂಡಿತ್ತು. ಹಾಗಾಗಿ ನನ್ನ ಸಲಹೆ ಏನೆಂದರೆ, ಕನಿಷ್ಠ ಆರು ವಾರ ಬಿಡದೆ ಮಾಡಿ. ಆಮೇಲೆ ಉಪಯೋಗ ಇದೆಯೋ ಇಲ್ಲವೋ ಅಂತ ತೀರ್ಮಾನಿಸಿ. ಕಾಯಿಲೆ ಪೂರ್ತಿ ಮಾಯವಾಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಆದರೆ 20 ಅಂಕ 12 ಆಗುವುದೆಂದರೆ ಸಣ್ಣದಲ್ಲ. ನಿದ್ದೆಯೇ ಇಲ್ಲದ ರಾತ್ರಿ ಹೋಗಿ, ನಿದ್ದೆ ಸ್ವಲ್ಪ ತಡವಾಗುವ ರಾತ್ರಿ ಬಂದರೆ ಮಾರನೇ ದಿನದ ಬದುಕೇ ಬೇರೆ.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ವಿಷಯದಲ್ಲಿ ಗ್ರೀಸ್ ದೇಶದ ಸಂಶೋಧಕರು ಒಳ್ಳೆಯ ಕೆಲಸ ಮಾಡಿದ್ದಾರೆ. ಕಿಡ್ನಿ ಕೆಟ್ಟವರಿಗೆ ಈ ತೊಂದರೆ ಉಳಿದವರಿಗಿಂತ ಬಹಳ ಜಾಸ್ತಿ. ನಾಲ್ಕು ಗಂಟೆ ಮೆಷಿನ್ ಪಕ್ಕ ಅಲ್ಲಾಡದೆ ಮಲಗುವುದೇ ಅವರಿಗೆ ಶಿಕ್ಷೆ. ಡಯಾಲಿಸಿಸ್ ನಡೆಯುವಾಗಲೇ ಮಲಗಿದಲ್ಲಿ ಪೆಡಲ್ ತುಳಿಸುವ ವ್ಯಾಯಾಮವನ್ನು ತಿಂಗಳುಗಟ್ಟಲೆ ಮಾಡಿಸಿದಾಗ ಲಕ್ಷಣಗಳು ತಗ್ಗಿದವು. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಸೌಕರ್ಯ ಬಂದಿದೆ. ಅಲ್ಲಿ ಮಂಚದ ತುದಿಗೆ ಒಂದು ಪುಟ್ಟ ಪೆಡಲ್ ಇಡುವ ಯೋಚನೆಯನ್ನು ಯಾರಾದರೂ ಮಾಡಿದರೆ ಎಷ್ಟು ಚೆನ್ನ ಅಲ್ವಾ?

'ನಾನು ದಿನಾ ಬೆಳಗಿಂದ ಸಂಜೆ ತನಕ ನಿಂತೇ ಇರ್ತೀನಿ, ಇನ್ನೇನು ವ್ಯಾಯಾಮ?' ಇದು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರೂ, ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವವರೂ ಕೇಳುವ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಆದರೆ ಒಂದೇ ಕಡೆ ನಿಲ್ಲುವುದು ದಣಿವು ಕೊಡುತ್ತದೆ, ವ್ಯಾಯಾಮದ ಫಲ ಕೊಡುವುದಿಲ್ಲ. ನಿಂತಾಗ ಮೀನಖಂಡ ಬಿಗಿದೇ ಇರುತ್ತದೆ, ರಕ್ತ ಕೆಳಗೇ ಉಳಿಯುತ್ತದೆ, ಎದೆಬಡಿತ ಏರುವುದಿಲ್ಲ. ಬಿರುಸು ನಡಿಗೆಯಲ್ಲಿ ಮೀನಖಂಡ ಹಿಂಡಿ ಬಿಡುತ್ತಾ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ನೋವನ್ನು ತಗ್ಗಿಸುವ ಎಂಡಾರ್ಫಿನ್ ಬಿಡುಗಡೆಯಾಗುತ್ತದೆ. ರಾತ್ರಿಯ ನಿದ್ದೆ ಗಾಢವಾಗುತ್ತದೆ. ಮಾತಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ನಡಿಗೆ ಅಷ್ಟು ಬಿರುಸಿದ್ದರೆ ಸರಿ. ಇನ್ನು ಮೂಟೆ ಹೊರುವವರು, ಕಟಾವಿನ ದಿನಗಳಲ್ಲಿ ಹೊಲದಲ್ಲಿ ದುಡಿಯುವವರು ಇದರ ಮೇಲೆ ಮತ್ತೆ ವಾಕಿಂಗ್ ಹೋಗುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಅವರಿಗೆ ಬೇಕಾದದ್ದು ರಾತ್ರಿ ಕಾಲಿನ ಸ್ಟ್ರೆಚಿಂಗ್, ಸರಿಯಾದ ಊಟ ಮತ್ತು ಆ ಫೆರಿಟಿನ್ ಪರೀಕ್ಷೆ.

ಜಾಸ್ತಿ ಮಾಡಿದರೆ ಜಾಸ್ತಿ ಗುಣ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಚಿತ್ರದುರ್ಗದಲ್ಲಿ ಇದನ್ನು ಬೇಗ ಕಲಿಯಬಹುದು. ದಿನಾ ಕೋಟೆ ಹತ್ತುವ ಅಭ್ಯಾಸ ಇದ್ದವರಿಗೆ ಆ ಮೆಟ್ಟಿಲುಗಳು ಒಳ್ಳೆಯ ಕಸರತ್ತು. ವಾರವೆಲ್ಲ ಕುರ್ಚಿಯಲ್ಲಿ ಕೂತು, ಭಾನುವಾರ ಒಮ್ಮೆಲೇ ಹುರುಪಿನಿಂದ ತುಪ್ಪದ ಕೊಳದ ತನಕ ಹತ್ತಿ ಇಳಿದು ಬಂದರೆ ಅವತ್ತು ರಾತ್ರಿ ಕಾಲು ಸೇಡು ತೀರಿಸಿಕೊಳ್ಳುತ್ತದೆ. ಇಳಿಯುವಾಗ ತೊಡೆಗೂ ಮೀನಖಂಡಕ್ಕೂ ಹತ್ತುವಾಗಿಗಿಂತ ಬೇರೆ ಥರದ ಪೆಟ್ಟು ಬೀಳುತ್ತದೆ. ಒಗ್ಗದ ಕಾಲಿಗೆ ಏಕಾಏಕಿ ಭಾರ ಬಿದ್ದರೆ ಆರ್‌ಎಲ್‌ಎಸ್ ಕೆರಳುತ್ತದೆ. ಮಲಗುವ ಹೊತ್ತಿಗೆ ಹತ್ತಿರವಾಗಿ ಜಿಮ್‌ನಲ್ಲಿ ಬೆವರು ಸುರಿಸಿದರೂ ಹಾಗೆಯೇ. ಬೆಳಿಗ್ಗೆ ಅಥವಾ ಸಂಜೆ ಬೆಳಕಿರುವಾಗಲೇ ಮುಗಿಸುವುದು ಒಳ್ಳೆಯದು.

ಶುರು ಮಾಡುವವರು ಮೊದಲ ವಾರ 15 ನಿಮಿಷ ನಡೆಯಲಿ. ವಾರ ವಾರಕ್ಕೆ ಐದೈದು ನಿಮಿಷ ಏರಿಸುತ್ತಾ ಅರ್ಧ ಗಂಟೆಗೆ ತರಲಿ. ಕೆರೆ ಏರಿ ದೂರವಾದರೆ ಹೈಸ್ಕೂಲ್ ಮೈದಾನವಾದರೂ ಸರಿ, ಬಡಾವಣೆಯ ಪಾರ್ಕಾದರೂ ಸರಿ. ಕಾಲಿಗೆ ಬಲ ಕೊಡಲು ಜಿಮ್ ಬೇಕಿಲ್ಲ. ಅಡುಗೆಮನೆ ಕಟ್ಟೆಯನ್ನು ಬೆರಳ ತುದಿಯಿಂದ ಹಿಡಿದು ನಿಲ್ಲಿ. ಎರಡೂ ಹಿಮ್ಮಡಿಯನ್ನು ನಿಧಾನಕ್ಕೆ ಮೇಲೆತ್ತಿ. ಮೇಲೆ ಎರಡು ಎಣಿಸುವಷ್ಟು ತಡೆಯಿರಿ. ಇಳಿಸುವಾಗ ಎತ್ತುವಾಗಿಗಿಂತ ನಿಧಾನ, ಹಿಮ್ಮಡಿ ನೆಲಕ್ಕೆ ಧಪ್ಪನೆ ಬೀಳಬಾರದು. ಮೀನಖಂಡ ಬೆಚ್ಚಗಾಗುವುದು ನಿಮಗೇ ತಿಳಿಯುತ್ತದೆ. ಹತ್ತು ಸಲ, ಸ್ವಲ್ಪ ಬಿಟ್ಟು ಮತ್ತೆ ಹತ್ತು ಸಲ. ಹಾಲು ಉಕ್ಕುವುದನ್ನು ಕಾಯುವ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ಸೇರಿಸಿಕೊಳ್ಳಿ. ಮಂಡಿ ನೋವಿದ್ದವರು ಕುರ್ಚಿಯ ಮೇಲೆ ದಪ್ಪ ದಿಂಬು ಹಾಕಿಕೊಂಡು ಮಾಡಲಿ, ಬಗ್ಗುವುದು ಕಡಿಮೆಯಾಗುತ್ತದೆ. ಹೃದಯದ ತೊಂದರೆ ಇದ್ದವರು, ಪಾದದಲ್ಲಿ ಸ್ಪರ್ಶ ಕಡಿಮೆಯಾದ ಸಕ್ಕರೆ ಕಾಯಿಲೆಯವರು ಮೊದಲು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು.

ಮಲಗುವ ಮುಂಚೆ ಮಾಡಬೇಕಾದದ್ದು ಹಗುರವಾಗಿರಬೇಕು. ಗೋಡೆಗೆ ಅಂಗೈ ಊರಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದ ಹಾಗೆ ಮುಂದಕ್ಕೆ ಬಾಗಿ ಅರ್ಧ ನಿಮಿಷ ನಿಲ್ಲಿ. ಆಮೇಲೆ ಇನ್ನೊಂದು ಕಾಲು. ಬಿಸಿನೀರಲ್ಲಿ ಕಾಲು ಇಳಿಬಿಟ್ಟು ಕೂರುವುದು, ಮೀನಖಂಡಕ್ಕೆ ಎಣ್ಣೆ ಹಚ್ಚಿ ತಿಕ್ಕುವುದು ಬಹಳ ಜನರಿಗೆ ಹಿತ. ಕೆಲವರಿಗೆ ತಣ್ಣೀರೇ ಹಿತ.

ಸಂಜೆಯ ಚಹಾದ ಬಗ್ಗೆ ಹೇಳಿದರೆ ನಮ್ಮೂರಿನವರಿಗೆ ಕೋಪ ಬರಬಹುದು. ಮಂಡಕ್ಕಿ, ಮಿರ್ಚಿ ತಿಂದಮೇಲೆ ಚಹಾ ಬೇಡ ಅನ್ನುವುದು ಹೇಗೆ? ಆದರೆ ಕಾಫಿ, ಚಹಾ, ಸಿಗರೇಟು, ಮದ್ಯ ಇವು ತುಂಬಾ ಜನರಲ್ಲಿ ಆರ್‌ಎಲ್‌ಎಸ್ ಹೆಚ್ಚಿಸುತ್ತವೆ. ಮಧ್ಯಾಹ್ನದ ಮೇಲಿನ ಚಹಾವನ್ನು ಎರಡು ವಾರ ಬಿಟ್ಟು ನೋಡಿ, ನಿಮ್ಮ ಕಾಲೇ ಉತ್ತರ ಕೊಡುತ್ತದೆ. ಅದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮೆಡಿಕಲ್ ಶಾಪ್‌ನಲ್ಲಿ. ನೆಗಡಿಗೆ ಕೇಳಿ ತರುವ, ನಿದ್ದೆ ಬರಿಸುವ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮೈನ್, ಡೈಫೆನ್‌ಹೈಡ್ರಮೈನ್‌ನಂಥ ಔಷಧಗಳು ಕಾಲಿನ ಕಾಟವನ್ನು ಜೋರು ಮಾಡಬಲ್ಲವು. ನಿದ್ದೆ ಬರಲಿ ಅಂತ ಅದನ್ನೇ ನುಂಗಿದರೆ ಫಲ ಉಲ್ಟಾ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಹೀಗೆ ಮಾಡಬಹುದು. ಖಿನ್ನತೆಯ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರಿಗೆ ಕಾಲಿನ ವಿಷಯ ಹೇಳಿ, ಅವರು ಬೇರೆಯದಕ್ಕೆ ಬದಲಿಸಬಹುದು.

ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಸುಮಾರು ಐವರಲ್ಲಿ ಒಬ್ಬರಿಗೆ ಇದು ಕಾಣಿಸಿಕೊಳ್ಳುತ್ತದೆ. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಹೋಗುತ್ತದೆ. ಅವರಿಗೆ ಕಬ್ಬಿಣದ ಪರೀಕ್ಷೆ, ಹಗುರ ನಡಿಗೆ, ಸ್ಟ್ರೆಚಿಂಗ್ ಇಷ್ಟೇ ಮೊದಲ ದಾರಿ.

ಇದೆಲ್ಲ ಮಾಡಿದರೂ ವಾರದಲ್ಲಿ ಎಷ್ಟೋ ರಾತ್ರಿ ನಿದ್ದೆ ಕೆಡುತ್ತಿದ್ದರೆ ಔಷಧ ತೆಗೆದುಕೊಳ್ಳುವುದರಲ್ಲಿ ಸೋಲೇನೂ ಇಲ್ಲ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಈಗ ಮೊದಲು ಯೋಚಿಸುವ ಔಷಧಗಳು. ತಲೆಸುತ್ತು, ಮಂಪರು ತರಬಹುದಾದ್ದರಿಂದ ವಯಸ್ಸಾದವರು ಬೀಳದ ಹಾಗೆ ನೋಡಿಕೊಳ್ಳಬೇಕು. ಪ್ರಾಮಿಪೆಕ್ಸೋಲ್, ರೋಪಿನಿರೋಲ್‌ನಂಥ ಡೋಪಮೈನ್ ಗುಂಪಿನ ಔಷಧಗಳು ಶುರುವಿನಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ವರ್ಷಗಳು ಕಳೆದಂತೆ ಕೆಲವರಲ್ಲಿ ತೊಂದರೆಯನ್ನೇ ಬೆಳೆಸುತ್ತವೆ. ರಾತ್ರಿ ಬರುತ್ತಿದ್ದದ್ದು ಮಧ್ಯಾಹ್ನಕ್ಕೇ ಬರುತ್ತದೆ, ಕೈಗೂ ಹಬ್ಬುತ್ತದೆ. ಡೋಸ್ ಏರಿಸಿದಷ್ಟೂ ಕೆಡುತ್ತದೆ. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2025ರ ಮಾರ್ಗಸೂಚಿಯಲ್ಲಿ ಇವುಗಳನ್ನು ಸಾಮಾನ್ಯ ಬಳಕೆಗೆ ಬೇಡ ಅಂದಿದೆ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ದಿಢೀರನೆ ಬಿಡಬಾರದು, ಡಾಕ್ಟರ ಕಣ್ಣಳತೆಯಲ್ಲೇ ಇಳಿಸಬೇಕು.

ಕೂರಲೇಬೇಕಾದ ಹೊತ್ತುಗಳು ಎಲ್ಲರಿಗೂ ಬರುತ್ತವೆ. ತರಳಬಾಳು ಹುಣ್ಣಿಮೆಯ ಸಂಜೆ ಸಭೆಗೆ ಹೋದರೆ ನಾನು ಸಾಲಿನ ತುದಿಯಲ್ಲಿ ಕೂರುತ್ತೇನೆ. ಯಾರಿಗೂ ಅಡ್ಡಿಯಾಗದ ಹಾಗೆ ಎದ್ದು ಹಿಂದೆ ನಿಲ್ಲಬಹುದು. ಬೆಂಗಳೂರಿಗೆ ರಾತ್ರಿ ಬಸ್ಸಿನ ಬದಲು ಹಗಲು ರೈಲು ಹಿಡಿಯುತ್ತೇನೆ. ಹಗಲಾದ್ದರಿಂದ ಕಾಟವೇ ಕಡಿಮೆ, ಬೋಗಿಯಲ್ಲಿ ಓಡಾಡಲೂ ಜಾಗವಿದೆ. ಮನಸ್ಸಿಗೆ ಗಟ್ಟಿ ಕೆಲಸ ಕೊಟ್ಟರೆ ಕಾಲಿನ ಒತ್ತಡ ಇಳಿಯುತ್ತದೆ. ಟಿವಿ ನೋಡುವುದು ಅಷ್ಟು ಸಾಲದು. ಪದಬಂಧ ಬಿಡಿಸುವುದು, ಹೆಣಿಗೆ, ನೋಟ್‌ಬುಕ್ಕಿನಲ್ಲಿ ಚುಕ್ಕಿ ಇಟ್ಟು ಹೊಸ ರಂಗೋಲಿ ಎಳೆ ಹುಡುಕುವುದು, ಇಂಥದ್ದು ಬೇಕು.

ಮನೆಯವರಿಗೂ ಒಂದು ಕೆಲಸ ಇದೆ. ಆರ್‌ಎಲ್‌ಎಸ್ ಇರುವ ಹತ್ತರಲ್ಲಿ ಎಂಟು ಜನರಿಗೆ ನಿದ್ದೆಯಲ್ಲೂ ಕಾಲು ತಾನಾಗಿ ಝಾಡಿಸುತ್ತದೆ, ಅರ್ಧ ನಿಮಿಷಕ್ಕೊಮ್ಮೆ ಅನ್ನುವ ಹಾಗೆ. ಮಲಗಿದವರಿಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ಗೊತ್ತಾಗುತ್ತದೆ. ಅದನ್ನು ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ. ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ. ನರರೋಗ ತಜ್ಞರನ್ನು ಕಾಣಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಕಾಟ ಎಷ್ಟು ಹೊತ್ತಿಗೆ ಶುರುವಾಗುತ್ತದೆ, ನಡೆದರೆ ಕಡಿಮೆಯಾಗುತ್ತದಾ, ವಾರಕ್ಕೆ ಎಷ್ಟು ರಾತ್ರಿ, ಮನೆಯಲ್ಲಿ ಇನ್ಯಾರಿಗೆ ಇದೆ, ಈಗ ಯಾವ ಯಾವ ಮಾತ್ರೆ ನುಂಗುತ್ತಿದ್ದೀರಿ. 'ಕಾಲು ನೋವು' ಅಂತ ಮಾತ್ರ ಹೇಳಿದರೆ ನೋವಿನ ಮಾತ್ರೆ ಬರೆದುಕೊಡುತ್ತಾರೆ. 'ಮಲಗಿದರೆ ಬರುತ್ತದೆ, ಎದ್ದು ನಡೆದರೆ ಹೋಗುತ್ತದೆ' ಅಂತ ಹೇಳಿ. ಫೆರಿಟಿನ್ ಮಾಡಿಸಬೇಕಾ ಅಂತ ನೀವೇ ಕೇಳಿ.